ಹಳೆ ಲಾರಿ ಕೊಳ್ಳುವವರು ಎಂಜಿನ್ ಕೊನೆಗೆ ನೋಡಲಿ

ಮಾನ್ಯ ಸಂಪಾದಕರೇ,

ಹಳೆಯ ಲಾರಿ, ಪಿಕಪ್‌ಗಳನ್ನು ದೂರದೂರದಿಂದ ಹುಡುಕಿ ತಂದು ಹೊಸದರಂತೆ ಮಾಡುವ ಹವ್ಯಾಸದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆವು. ಬರಹ ಸೊಗಸಾಗಿತ್ತು. ಆದರೆ ಕೊಳ್ಳಲು ಹೊರಡುವವರಿಗೆ ಅದರಲ್ಲಿದ್ದ ಬುದ್ಧಿಮಾತು ಒಂದೇ ಒಂದು: ‘ಎಂಜಿನ್ ಸ್ಟಾರ್ಟ್ ಆದರೆ ಧೈರ್ಯವಾಗಿ ಕೊಳ್ಳಿ’. ಈ ಮಾತು ನಂಬಿ ಹೊರಟವರೇ ಹೆಚ್ಚಾಗಿ ಕೈ ಸುಟ್ಟುಕೊಳ್ಳುವುದು. ಹಾಗಾಗಿ ಈ ಪತ್ರ, ಸ್ವಲ್ಪ ಉದ್ದವೇ ಆಯಿತು.

ಎಂಜಿನ್ ಅನ್ನು ಲಾರಿಯಿಂದ ಇಳಿಸಿ ಪಕ್ಕಕ್ಕಿಟ್ಟು ಕೆಲಸ ಮಾಡಬಹುದು. ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದ್ದರೆ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು, ಅದಕ್ಕೂ ಮೀರಿದ್ದರೆ ಸ್ಲೀವ್ ಇಳಿಸಬಹುದು. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಕೂರಿಸಬಹುದು. ಬ್ಲಾಕ್ ಬಿರುಕು ಬಿಟ್ಟಿಲ್ಲದಿದ್ದರೆ ಈ ಖರ್ಚಿಗೆ ಒಂದು ಮಿತಿ ಇದೆ, ಲೇತ್ ಕೆಲಸದವರು ಮೊದಲೇ ಲೆಕ್ಕ ಹೇಳಿಬಿಡುತ್ತಾರೆ. ಕ್ಯಾಬಿನ್ನಿಗೆ ಹಿಡಿದ ತುಕ್ಕಿಗೆ ಅಂಥ ಮಿತಿ ಇಲ್ಲ. ಹೊರಗೆ ಕಾಣುವುದು ಅಂಗೈಯಗಲದ ತೂತು. ಕತ್ತರಿಸುತ್ತ ಹೋದರೆ ಬೆಸುಗೆ ಹಿಡಿಯುವಂಥ ಗಟ್ಟಿ ತಗಡು ಸಿಗುವ ಹೊತ್ತಿಗೆ ಮೊಳದುದ್ದ ಹೋಗಿರುತ್ತದೆ, ಅದರ ಹಿಂದಿನ ಒಳಪದರವೂ ಹೋಗಿರುತ್ತದೆ. ಆದ್ದರಿಂದ ದಾಖಲೆ, ಚಾಸಿ, ಕ್ಯಾಬಿನ್, ಕಾಣೆಯಾದ ಬಿಡಿಭಾಗ, ಆಮೇಲೆ ಎಂಜಿನ್ ಎಂಬ ಕ್ರಮದಲ್ಲಿ ನೋಡಬೇಕು. ಮಾರುವವರು ಮೊದಲು ಬಾನೆಟ್ ಎತ್ತಿ ತೋರಿಸುತ್ತಾರೆ. ನೀವು ಮೊದಲು ಕೆಳಗೆ ತೂರಿ ಮಲಗಬೇಕು.

ಪ್ರಯಾಣಕ್ಕೆ ಮುಂಚೆ ಫೋನಿನಲ್ಲೇ ಅರ್ಧ ಕೆಲಸ ಮುಗಿಯಬೇಕು. ಜಾಹೀರಾತಿನ ಚಿತ್ರಗಳು ಸಾಮಾನ್ಯವಾಗಿ ಮುಂಭಾಗದ ಮೂಲೆಯಿಂದ, ಸಂಜೆ ಬಿಸಿಲಿನಲ್ಲಿ, ಎಲ್ಲವೂ ಚೆಂದ ಕಾಣುವಷ್ಟು ದೂರದಿಂದ ತೆಗೆದವು. ನಿಮಗೆ ಬೇಕಾದ್ದು ಬೇರೆ: ಕ್ಯಾಬಿನ್ನಿನ ಹಿಂಬದಿಯ ಎರಡೂ ಕೆಳಮೂಲೆಗಳು, ಮ್ಯಾಟ್ ಎತ್ತಿದ ನೆಲ, ಬಾಗಿಲಿನ ಕೆಳ ಅಂಚು, ಮುಂದಿನ ಮಡ್‌ಗಾರ್ಡಿನ ಹಿಂಭಾಗ, ಹಿಂಬದಿ ಪಟ್ಟಾ (ಲೀಫ್ ಸ್ಪ್ರಿಂಗ್) ಚಾಸಿಗೆ ಕೂರುವ ಜಾಗ, ಚಾಸಿ ನಂಬರ್, ಎಂಜಿನ್ ನಂಬರ್, ದಾಖಲೆಯ ಎರಡೂ ಬದಿ. ಮ್ಯಾಟ್ ಎತ್ತಿ ಒಂದು ಫೋಟೊ ಕಳಿಸಿ ಎಂದರೆ ‘ನೀವೇ ಬಂದು ನೋಡಿ’ ಎನ್ನುವವರ ಮ್ಯಾಟಿನ ಕೆಳಗೆ ಏನಿದೆ ಎಂದು ಊಹಿಸುವುದು ಕಷ್ಟವಲ್ಲ.

‘ನಿಲ್ಲಿಸುವಾಗ ಚೆನ್ನಾಗಿಯೇ ಓಡುತ್ತಿತ್ತು’ ಎಂಬ ಉತ್ತರ ಎಲ್ಲರಿಂದಲೂ ಬರುತ್ತದೆ. ಮತ್ತೆ ಕೇಳಬೇಕು. ಹಾಗಿದ್ದರೆ ನಿಲ್ಲಿಸಿದ್ದೇಕೆ, ಎಷ್ಟು ವರ್ಷವಾಯಿತು, ಸೂರಿನಡಿಯೋ ಬಯಲಿನಲ್ಲೋ, ಕಾಂಕ್ರೀಟಿನ ಮೇಲೋ ಹುಲ್ಲು ಮಣ್ಣಿನ ಮೇಲೋ, ನಿಲ್ಲಿಸುವಾಗ ರೇಡಿಯೇಟರ್ ನೀರು ಇಳಿಸಿದ್ದರೋ. ಮಣ್ಣಿನ ಮೇಲೆ ವರ್ಷಗಟ್ಟಲೆ ನಿಂತ ಲಾರಿಗೆ ತೇವ ಕೆಳಗಿನಿಂದಲೇ ಏರುತ್ತದೆ. ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಚಾಸಿಯ ಕೆಳ ಅಂಚು, ಕ್ಯಾಬಿನ್ನಿನ ನೆಲ ಕೊಳೆತಿರುತ್ತವೆ. ಮರದಡಿ ನಿಂತಿದ್ದಕ್ಕೆ ಬೇರೆ ಕಾಯಿಲೆ. ವಿಂಡ್‌ಶೀಲ್ಡಿನ ಮುಂದಿನ ಗಾಳಿಕಿಂಡಿಯಲ್ಲಿ ಎಲೆ ತುಂಬಿ, ನೀರು ಹರಿದುಹೋಗುವ ದಾರಿ ಕಟ್ಟಿ, ಪೆಡಲ್‌ಗಳ ಮೇಲಿನ ಗೋಡೆ ಒಳಗಿನಿಂದಲೇ ತೂತು ಬಿದ್ದಿರುತ್ತದೆ.

ಲಾರಿ ಬದುಕಿದ ಹವೆ ಅದರ ಮೈಮೇಲೆ ಬರೆದಿರುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಸೀಮೆಯ ಗಾಡಿ, ಕಡಲತಡಿಯ ಗಾಡಿ ಎರಡಕ್ಕೂ ತಗಡಿನ ಆಸೆ ಬಿಡಬೇಕು, ಅವುಗಳ ಬೋಲ್ಟುಗಳು ತಿರುಗುವ ಬದಲು ಮುರಿಯುತ್ತವೆ. ಅಮೆರಿಕದ ಅರಿಜೋನಾದಂಥ ಒಣ ನಾಡಿನಿಂದ ಬಂದದ್ದರಲ್ಲಿ ರಬ್ಬರ್ ಬೀಡಿಂಗ್, ಸೀಟು, ಸ್ಟಿಯರಿಂಗ್ ಚಕ್ರ, ಮರದ ಹಲಗೆ ಎಲ್ಲವೂ ಬಿಸಿಲಿಗೆ ಸೀಳಿರುತ್ತವೆ, ತಗಡು ಮಾತ್ರ ಗಟ್ಟಿ. ಯಾವುದು ಎಂದರೆ ಒಣ ನಾಡಿನದೇ, ಅದಕ್ಕಾಗಿ ದುಪ್ಪಟ್ಟು ದೂರ ಹೋಗಬೇಕಾದರೂ ಸರಿ. ರಬ್ಬರ್ ಹೊಸದಾಗಿ ಸಿಗುತ್ತದೆ.

ಯಾವ ಮಾದರಿ ಎಂಬುದೂ ಮನೆಯಲ್ಲೇ ತೀರ್ಮಾನವಾಗಬೇಕು. 1947ರಿಂದ 1955ರವರೆಗಿನ ಷೆವರ್ಲೆ ಅಡ್ವಾನ್ಸ್ ಡಿಸೈನ್ ಸಾಲು, 1948ರಿಂದ ಬಂದ ಫೋರ್ಡ್ ಎಫ್ ಸಾಲಿನ ಪಿಕಪ್‌ಗಳು ಅಪಾರ ಸಂಖ್ಯೆಯಲ್ಲಿ ತಯಾರಾದವು. ಅವುಗಳ ಕ್ಯಾಬಿನ್ ಮೂಲೆ, ನೆಲದ ತಗಡು, ಮಡ್‌ಗಾರ್ಡ್ ಇಂದಿಗೂ ಹೊಸದಾಗಿ ಅಚ್ಚೊತ್ತಿ ಮಾರಾಟವಾಗುತ್ತವೆ. ಬೆಡ್‌ಫೋರ್ಡ್, ಕಾಮರ್, ಆಸ್ಟಿನ್‌ನಂಥ ಹಳೆಯ ಬ್ರಿಟಿಷ್ ಲಾರಿಗಳಿಗೆ ಎಂಜಿನ್, ಬ್ರೇಕಿನ ಸಾಮಾನು ಹುಡುಕಿದರೆ ಸಿಕ್ಕೀತು, ಕ್ಯಾಬಿನ್ ತಗಡನ್ನು ಮಾತ್ರ ಬಹುಪಾಲು ಕೈಯಲ್ಲೇ ಬಡಿದು ಮಾಡಿಸಬೇಕು. ಎರಡನೆಯ ಗುಂಪಿನ ಗಾಡಿಯಾದರೆ ತುಕ್ಕಿನ ವಿಷಯದಲ್ಲಿ ಎರಡು ಪಟ್ಟು ಬಿಗಿಯಾಗಿರಬೇಕು.

ಮಾದರಿಯ ಸಣ್ಣ ಗುರುತುಗಳನ್ನು ತಿಳಿದು ಹೋದವರನ್ನು ಯಾಮಾರಿಸುವುದು ಕಷ್ಟ. ಉದಾಹರಣೆಗೆ ಆ ಷೆವರ್ಲೆ ಸಾಲಿನಲ್ಲಿ 1953ರವರೆಗೆ ಮುಂದಿನ ಗಾಜು ಎರಡು ತುಂಡು, ಎರಡೂ ಚಪ್ಪಟೆ; 1954ರಿಂದ ಒಂದೇ ತುಂಡಿನ ಬಾಗಿದ ಗಾಜು. ಬಾಗಿಲಿನಲ್ಲಿ ತಿರುಗುವ ಪುಟ್ಟ ತ್ರಿಕೋನ ಗಾಜು ಬಂದದ್ದು 1951ರಿಂದ. ಕಾಗದದಲ್ಲಿ 1954 ಎಂದಿದ್ದು ಎದುರಿಗೆ ಎರಡು ತುಂಡಿನ ಗಾಜು ಇದ್ದರೆ ಕ್ಯಾಬಿನ್ ಬೇರೆ ಗಾಡಿಯದಿರಬಹುದು. ಚಪ್ಪಟೆ ಗಾಜು ಒಡೆದಿದ್ದರೆ ಚಿಂತೆಯಿಲ್ಲ, ಲ್ಯಾಮಿನೇಟೆಡ್ ಹಾಳೆಯಿಂದ ಕತ್ತರಿಸಿ ಕೊಡುತ್ತಾರೆ. ಬಾಗಿದ ಗಾಜನ್ನು ಹಾಗೆ ಕತ್ತರಿಸಿ ಮಾಡಿಸಲಾಗದು, ಅದೇ ಮಾದರಿಯದನ್ನು ಹುಡುಕಿಯೇ ತರಬೇಕು. ಆ ಸಾಲಿನ ಪಿಕಪ್‌ಗಳಿಗೆ 1953ರವರೆಗೆ ಹಾಕುತ್ತಿದ್ದ 216 ಘನ ಇಂಚಿನ ಆರು ಸಿಲಿಂಡರ್ ಎಂಜಿನ್ನಿನ ಕನೆಕ್ಟಿಂಗ್ ರಾಡ್‌ಗಳಿಗೆ ಎರಕದ ಬ್ಯಾಬಿಟ್ (ಮೃದು ಮಿಶ್ರಲೋಹ) ಬೇರಿಂಗ್, ಆಯಿಲ್ ಸಿಗುವುದು ಸಿಂಪಡಣೆಯಿಂದ. 1954ರಲ್ಲಿ ಪಿಕಪ್‌ಗಳಿಗೆ ಬಂದ 235 ಘನ ಇಂಚಿನ ಎಂಜಿನ್ನಿಗೆ ಪೂರ್ತಿ ಒತ್ತಡದ ಆಯಿಲ್ ವ್ಯವಸ್ಥೆ. ಬ್ಯಾಬಿಟ್ ಎರಕ ಹೊಯ್ದು ಬೋರ್ ಮಾಡಬಲ್ಲವರು ಈಗ ವಿರಳ, ಆ ಎಂಜಿನ್ನಿನ ತಳದಲ್ಲಿ ಟಕಟಕ ಸದ್ದು ಕೇಳಿದರೆ ಸುಮ್ಮನೆ ತಳ್ಳಿಹಾಕಬಾರದು.

ಚೀಲದಲ್ಲಿ ಇರಬೇಕಾದದ್ದು: ಒಳ್ಳೆಯ ಟಾರ್ಚ್, ಉದ್ದ ಹಿಡಿಯ ಪುಟ್ಟ ಕನ್ನಡಿ, ತೆಳು ಬಟ್ಟೆ ಸುತ್ತಿದ ಅಯಸ್ಕಾಂತ, ಚೂಪಾದ ದಬ್ಬಳ ಅಥವಾ ಹಳೆಯ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ತಂತಿ ಬ್ರಷ್, ಐದು ಮೀಟರ್ ಟೇಪ್, ತೂಗುಗುಂಡು, ಸೀಮೆಸುಣ್ಣ, ಪೆನ್ಸಿಲು ಮತ್ತು ತೆಳು ಕಾಗದ, ಜಾಕ್, ಎರಡು ಆ್ಯಕ್ಸಲ್ ಸ್ಟ್ಯಾಂಡ್, ಮರದ ದಿಮ್ಮಿ, ಸ್ಪಾರ್ಕ್ ಪ್ಲಗ್ ಸ್ಪ್ಯಾನರ್, ಕಂಪ್ರೆಷನ್ ಗೇಜ್, ಮಲ್ಟಿಮೀಟರ್, ಕೈಗವಸು, ನೆಲಕ್ಕೆ ಹಾಸಲು ಟಾರ್ಪಾಲು. ಸ್ಪ್ಯಾನರ್ ಸೆಟ್ ಗಾಡಿಗೆ ತಕ್ಕದ್ದಿರಲಿ. ಹಳೆಯ ಬ್ರಿಟಿಷ್ ಲಾರಿಗಳಲ್ಲಿ ವಿಟ್‌ವರ್ತ್ ಅಳತೆಯ ನಟ್ಟುಗಳಿರುತ್ತವೆ, ಅವಕ್ಕೆ ಮಿಲಿಮೀಟರ್ ಸ್ಪ್ಯಾನರ್ ತೊಡಿಸಿದರೆ ಮೂಲೆ ಸವರಿ ದುಂಡಗಾಗುತ್ತವೆ. ಬಾಗಿಲು ತೆಗೆಯುವಾಗ, ಬಾನೆಟ್ ಎತ್ತುವಾಗ ಮುಖ ಹಿಂದಿರಲಿ. ವರ್ಷಗಟ್ಟಲೆ ನಿಂತ ಲಾರಿಯಲ್ಲಿ ಕಣಜ, ಹಾವು, ಇಲಿ ಮನೆ ಮಾಡಿರುವುದು ಮಾಮೂಲು.

ಸ್ಥಳಕ್ಕೆ ಬೆಳಗಿನಲ್ಲೇ ತಲುಪುವುದು ಒಳ್ಳೆಯದು. ಮಳೆಯಲ್ಲಿ, ಮುಸ್ಸಂಜೆಯಲ್ಲಿ ನೋಡಬಾರದು. ಒದ್ದೆ ಮೈಗೆ ಎಲ್ಲ ಬಣ್ಣವೂ ಹೊಸದರಂತೆ ಕಾಣುತ್ತದೆ. ಬಂದ ಕೂಡಲೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಸಿಯಿದೆಯೇ ಎಂದು ಅಂಗೈ ಹತ್ತಿರ ಹಿಡಿದು ನೋಡಿ. ಬಿಸಿಯಿದ್ದರೆ ನಿಮಗಾಗಿ ಮೊದಲೇ ಓಡಿಸಿ ತಯಾರು ಮಾಡಿಟ್ಟಿದ್ದಾರೆ, ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗುವ ಕಷ್ಟ ನಿಮ್ಮ ಕಣ್ಣಿಗೆ ಬೀಳಬಾರದು ಎಂದರ್ಥ.

ಮೊದಲು ನಂಬರ್. ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ತಂತಿ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಕಾಗದ ಇಟ್ಟು ಪೆನ್ಸಿಲಿನಿಂದ ಅಚ್ಚು ತೆಗೆಯಿರಿ. ಫೋಟೊದಲ್ಲಿ ಮೂರು ಎಂಟಾಗಿ ಕಂಡೀತು, ಅಚ್ಚಿನಲ್ಲಿ ಹಾಗಾಗುವುದು ಕಡಿಮೆ. ಬಾಗಿಲ ಕಂಬಕ್ಕೆ ರಿವಿಟ್ ಅಥವಾ ಸ್ಕ್ರೂ ಹೊಡೆದ ತಗಡಿನ ಪ್ಲೇಟನ್ನೇ ನಂಬಬಾರದು, ಅದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವುದು ಐದು ನಿಮಿಷದ ಕೆಲಸ. ಈಗಿನ 17 ಅಕ್ಷರದ ಗುರುತುಸಂಖ್ಯೆ ಅಮೆರಿಕದಲ್ಲಿ ಜಾರಿಗೆ ಬಂದದ್ದು 1981ರ ಮಾದರಿಗಳಿಂದ; ಅದಕ್ಕೂ ಹಳೆಯ ಲಾರಿಗಳ ನಂಬರ್ ಚಿಕ್ಕದಾಗಿರುತ್ತದೆ, ಕಂಪನಿಗೊಂದು ರೀತಿ. ಆ ಕಾಲದಲ್ಲಿ ಅಲ್ಲಿನ ಹಲವು ರಾಜ್ಯಗಳು ಎಂಜಿನ್ ನಂಬರನ್ನೇ ಗಾಡಿಯ ದಾಖಲೆಗೆ ಬರೆದುಕೊಳ್ಳುತ್ತಿದ್ದವು. ಮುಂದೆ ಎಂದೋ ಎಂಜಿನ್ ಬದಲಾಗಿದ್ದರೆ ದಾಖಲೆ ಒಂದು, ಲಾರಿ ಇನ್ನೊಂದು. ಮಾಲೀಕರು ತೀರಿಕೊಂಡಿದ್ದು ಮಕ್ಕಳು ಮಾರುತ್ತಿದ್ದರೆ ವಾರಸುದಾರರೆಲ್ಲರ ಸಹಿ ಬೇಕು. ‘ಕಾಗದ ಆಮೇಲೆ ಕಳಿಸುತ್ತೇವೆ’ ಎಂದರೆ ದುಡ್ಡೂ ಆಮೇಲೆಯೇ.

ನಂತರ ಚಾಸಿ. ಸುತ್ತಿಗೆಯಿಂದ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋದರೆ ಗಟ್ಟಿ ಉಕ್ಕು ಗಂಟೆಯಂತೆ ಉಲಿಯುತ್ತದೆ, ಕೊಳೆತ ಜಾಗ ಮಂಕಾಗಿ ಡಬ್ ಎನ್ನುತ್ತದೆ. ಬಿರುಕು ಕಾಣಿಸುವುದು ಸಾಮಾನ್ಯವಾಗಿ ಪಟ್ಟಾದ ಹ್ಯಾಂಗರ್‌ಗಳ ಸುತ್ತ, ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ, ಅಡ್ಡಪಟ್ಟಿಗಳ ರಿವಿಟ್ ತೂತುಗಳಲ್ಲಿ. ಬಿರುಕಿನ ಬಾಯಿಂದ ಕೆಂಪು ಪುಡಿ ಸೋರಿದ ಗೆರೆಯೇ ಗುರುತು. ಭಾರ ಹೊರಲೆಂದು ಎರಡನೆಯ ಪದರ ಕೂರಿಸಿದ ಚಾಸಿಯಾದರೆ ಪದರಗಳ ನಡುವೆ ಟಾರ್ಚ್ ಬಿಡಿ. ಒಳಗೆ ಬೆಳೆದ ತುಕ್ಕು ಉಬ್ಬಿ ಎರಡು ಪಟ್ಟಿಗಳನ್ನು ಬೇರೆ ಮಾಡಿ ರಿವಿಟ್‌ಗಳನ್ನೇ ಎಳೆದಿರುತ್ತದೆ, ಅದು ಪೂರ್ತಿ ಬಿಚ್ಚದೆ ಸರಿಹೋಗುವ ಕೆಲಸವಲ್ಲ. ಮೇಲಿನ ಮತ್ತು ಕೆಳಗಿನ ಅಂಚಿಗೆ ಅಡ್ಡಲಾಗಿ ಹೊಡೆದ ವೆಲ್ಡಿಂಗ್ ಕಂಡರೂ ಅನುಮಾನಿಸಬೇಕು. ಭಾರದ ಎಳೆತ ಹೆಚ್ಚಿರುವುದು ಆ ಅಂಚುಗಳಲ್ಲೇ, ಅಲ್ಲಿ ಬಿಸಿ ತಾಗಿದ ಉಕ್ಕು ವೆಲ್ಡಿನ ಪಕ್ಕದಲ್ಲಿ ಮತ್ತೆ ಸೀಳುತ್ತದೆ.

ಚಾಸಿ ನೇರವಿದೆಯೇ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಪಟ್ಟಾ ಹ್ಯಾಂಗರಿನ ಒಂದೇ ಸ್ಥಾನದ ರಿವಿಟ್‌ನಿಂದ ಎಡಬದಿಯಲ್ಲೂ ಬಲಬದಿಯಲ್ಲೂ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಹಿಂದಿನ ಹ್ಯಾಂಗರಿನಲ್ಲೂ ಹಾಗೇ. ಈಗ ಮುಂದಿನ ಎಡದಿಂದ ಹಿಂದಿನ ಬಲಕ್ಕೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಟೇಪ್ ಹಿಡಿದರೆ ಎರಡೂ ಕರ್ಣ ಸಮ ಬರಬೇಕು. ಐದಾರು ಮಿ.ಮೀ. ವ್ಯತ್ಯಾಸ ಅಳತೆಯ ತಪ್ಪಿರಬಹುದು. ಅದಕ್ಕೂ ಹೆಚ್ಚಿದ್ದರೆ ಮತ್ತೊಮ್ಮೆ ಅಳೆಯಿರಿ, ಮತ್ತೆ ಅಷ್ಟೇ ಬಂದರೆ ಎಂದೋ ಡಿಕ್ಕಿ ಹೊಡೆದ ಗಾಡಿ ಅದು.

ಕ್ಯಾಬಿನ್ನಿಗೆ ಒಂದು ಗಂಟೆ ಕೊಟ್ಟರೂ ಹೆಚ್ಚಲ್ಲ. ಹಿಂಬದಿಯ ಕೆಳಮೂಲೆಯಲ್ಲಿ ಒಳಗೂ ಹೊರಗೂ ತಗಡು ಸೇರಿ ಒಂದು ಚೀಲದಂತೆ ಆಗಿರುತ್ತದೆ. ಬಾಗಿಲಿನ ಸಂದಿಯಿಂದ ಬಂದ ಧೂಳು ಅಲ್ಲಿ ಕೂತು, ತೇವ ಹಿಡಿದಿಟ್ಟು, ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣದಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿದ್ದರೆ ಅದರ ಹಿಂದೆ ತಗಡು ಕಾಗದದಂತೆ ತೆಳುವಾಗಿರುತ್ತದೆ. ಮಾರುವವರ ಒಪ್ಪಿಗೆ ಕೇಳಿ ಕೆಳಗಿನಿಂದ ದಬ್ಬಳ ಒತ್ತಿ ನೋಡಿ. ಗಟ್ಟಿ ತಗಡು ಒಂದು ಚುಕ್ಕಿಯನ್ನಷ್ಟೇ ಉಳಿಸಿಕೊಳ್ಳುತ್ತದೆ, ಕೊಳೆತದ್ದು ಗರ್ ಎಂದು ಒಳಗೆಳೆದುಕೊಳ್ಳುತ್ತದೆ. ಪಾದವಿಟ್ಟು ಹತ್ತುವ ಮೆಟ್ಟಿಲಿನ ಒಳಬದಿ, ನೆಲ ಮತ್ತು ಮುಂದಿನ ಗೋಡೆ ಕೂಡುವ ಮಡಿಕೆ, ಕ್ಯಾಬಿನ್ ಚಾಸಿಯ ಮೇಲೆ ಕೂರುವ ಮೌಂಟುಗಳು, ಸೂರಿನ ನೀರು ಹರಿಯುವ ಅಂಚು, ವಿಂಡ್‌ಶೀಲ್ಡಿನ ರಬ್ಬರಿನ ಕೆಳಮೂಲೆ, ಈ ಐದು ಕಡೆಯೂ ಹಾಗೇ ನೋಡಬೇಕು. ಇವುಗಳಲ್ಲಿ ಸೂರಿನ ಅಂಚು ಮತ್ತು ವಿಂಡ್‌ಶೀಲ್ಡಿನ ಸುತ್ತಲಿನದೇ ಕೆಟ್ಟದ್ದು. ನೆಲದ ತಗಡು ಚಪ್ಪಟೆ, ಯಾರಾದರೂ ಕತ್ತರಿಸಿ ಕೂರಿಸಿಯಾರು. ಅಲ್ಲಿಯದು ಎರಡು ಕಡೆ ಬಾಗಿದ ತಗಡು, ಒಳ್ಳೆಯ ಟಿಂಕರಿಂಗ್ ಕೈಗೂ ಬೆವರಿಳಿಸುತ್ತದೆ.

ಅಯಸ್ಕಾಂತ ಹಿಡಿಯದ ಕಡೆ ಪುಟ್ಟಿ ಅಥವಾ ಫೈಬರ್ ಇದೆ. ಬಟ್ಟೆ ಸುತ್ತಿದ ಅಯಸ್ಕಾಂತ ಜಾರಿ ಬಿದ್ದ ಜಾಗಕ್ಕೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾ ಹೋದರೆ ಬೆಲೆ ಮಾತಾಡುವಾಗ ನೀವು ಬಾಯಿ ತೆರೆಯಬೇಕಾಗಿಲ್ಲ. ತೆಳು ಪುಟ್ಟಿ ಪಾಪವಲ್ಲ, ಡೊಂಕು ಸರಿಮಾಡಲು ಎಲ್ಲರೂ ಹಚ್ಚುತ್ತಾರೆ. ಬೆರಳು ದಪ್ಪದ್ದು ತೂತು ಮುಚ್ಚಲು ಹಚ್ಚಿದ್ದು. ಕೆಳಗೆಲ್ಲ ಹೊಸದಾಗಿ ಕಪ್ಪು ಅಂಡರ್‌ಕೋಟ್ ಬಳಿದಿದ್ದರೆ, ಮಾರುವ ಮುನ್ನ ಅಷ್ಟು ಪ್ರೀತಿ ಯಾಕೆ ಬಂತು ಎಂದು ಕೇಳಿ.

ಬಾಗಿಲನ್ನು ಅರ್ಧ ತೆರೆದು ತುದಿ ಹಿಡಿದು ಮೇಲೆತ್ತಿ. ಹಿಂಜಿನ ಜಾಗದಲ್ಲಿ ಆಡಿದರೆ ಪಿನ್ ಸವೆದಿದೆ, ಅದು ಸಣ್ಣ ಕೆಲಸ. ಕಂಬವೇ ಬಾಗಿಲ ಜೊತೆ ಆಡಿದರೆ ಕಂಬದ ಬುಡ ಹೋಗಿದೆ. ಬಾಗಿಲು ಮುಚ್ಚಿದಾಗ ಮೇಲೆ ಅಗಲ, ಕೆಳಗೆ ಬಿಗಿ ಸಂದಿ ಕಂಡರೆ ಕ್ಯಾಬಿನ್ ಮೌಂಟುಗಳ ಮೇಲೆ ಕುಸಿದಿದೆ. ಕೈಕೆಲಸದ ಕ್ಯಾಬಿನ್ನುಗಳ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತದೆ, ಅಂಥ ಲಾರಿಯಲ್ಲಿ ತಗಡಿಗಿಂತ ಮೊದಲು ಮರ ಚುಚ್ಚಿ ನೋಡಿ. ಹಿಂದಿನ ಡೆಕ್ಕಿನ ಹಲಗೆ ಕೊಳೆತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಕಾಣೆಯಾದ ಬಿಡಿಭಾಗಗಳ ವಿಷಯ ಹೊಸಬರಿಗೆ ಅರ್ಥವಾಗುವುದು ಲಾರಿ ಬಿಚ್ಚಿ ಹರಡಿದ ಮೇಲೆ. ಗ್ರಿಲ್, ಹೆಡ್‌ಲೈಟಿನ ರಿಮ್, ಬಾಗಿಲ ಹಿಡಿ, ಗಾಜು ಏರಿಳಿಸುವ ರೆಗ್ಯುಲೇಟರ್, ಮೀಟರುಗಳ ಗೊಂಚಲು, ಬಾನೆಟ್ ಹಿಂಜ್, ಬ್ಯಾಡ್ಜ್, ಇವು ಒಂದೊಂದೂ ಚಿಲ್ಲರೆ ಎನಿಸುತ್ತವೆ. ಅಪರೂಪದ ಮಾದರಿಯಾದರೆ ಇವನ್ನೆಲ್ಲ ಸೇರಿಸುವ ಖರ್ಚು ಒಂದು ಎಂಜಿನ್ ಕೆಲಸವನ್ನು ಮೀರುತ್ತದೆ. ಆ ಮಾದರಿಯ ಬಿಡಿಭಾಗಗಳ ಪುಸ್ತಕದ ಪ್ರತಿಯನ್ನು ಮೊದಲೇ ಸಂಪಾದಿಸಿ, ಪುಟ ತಿರುಗಿಸುತ್ತಾ ಇದೆ, ಇಲ್ಲ, ಒಡೆದಿದೆ ಎಂದು ಗುರುತು ಮಾಡಿ. ‘ಬಿಚ್ಚಿದ್ದೆಲ್ಲ ಡಬ್ಬದಲ್ಲಿದೆ’ ಎಂದರೆ ಡಬ್ಬವನ್ನು ಟಾರ್ಪಾಲಿನ ಮೇಲೆ ಸುರಿದು ಎಣಿಸಿ. ಬಹಳ ಸಲ ಆ ಡಬ್ಬದಲ್ಲಿ ಬೇರೆ ಗಾಡಿಯ ಸಾಮಾನೂ ಇರುತ್ತದೆ.

ಈಗ ಎಂಜಿನ್. ಮೊದಲು ಕೀಲಿ ತಿರುಗಿಸಬಾರದು. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ: ಹೆಡ್ ಗ್ಯಾಸ್ಕೆಟ್ ಇರಬಹುದು, ಬ್ಲಾಕಿನ ಬಿರುಕೂ ಇರಬಹುದು. ಹಿಮ ಬೀಳುವ ಸೀಮೆಯಲ್ಲಿ ಬರಿ ನೀರು ತುಂಬಿ ಬಿಟ್ಟ ಎಂಜಿನ್ನಿನಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗಿ ಬ್ಲಾಕ್ ಸೀಳುತ್ತದೆ, ಹೊರಗೋಡೆಯ ಉದ್ದಕ್ಕೆ ಕೂದಲೆಳೆಯ ತುಕ್ಕಿನ ಗೆರೆ ಹುಡುಕಬೇಕು. 1953ರವರೆಗೆ ಫೋರ್ಡ್ ಪಿಕಪ್‌ಗಳಿಗೆ ಬರುತ್ತಿದ್ದ ಫ್ಲ್ಯಾಟ್‌ಹೆಡ್ ವಿ8 ಎಂಜಿನ್ನಿನಲ್ಲಿ ಬಿಸಿ ಹೊಗೆಯ ದಾರಿ ಬ್ಲಾಕಿನ ನಡುವೆಯೇ ಹಾದುಹೋಗುತ್ತದೆ. ಕಾದು ಕಾದು ವಾಲ್ವ್ ಸೀಟಿನಿಂದ ಸಿಲಿಂಡರ್ ಕಡೆಗೆ ಬಿರುಕು ಬಿಡುವುದು ಅದರ ಹುಟ್ಟುಗುಣ, ಹೆಡ್ ಬಿಚ್ಚದೆ ಕಾಣುವುದಿಲ್ಲ. ಅಂಥದಕ್ಕೆ ‘ಎಂಜಿನ್ ಇದೆ’ ಎಂದಷ್ಟೇ ಬೆಲೆ ಕಟ್ಟಿ.

ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ತೆಳು ಆಯಿಲ್ ಬಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಅಥವಾ ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿ. ಎರಡು ಸುತ್ತು ಸಲೀಸಾಗಿ ಬಂದ ಮೇಲೆಯೇ ಸೆಲ್ಫ್ ಮುಟ್ಟಬೇಕು. ಜಾಮ್ ಆಗಿದ್ದರೆ ಅಲ್ಲಿಯೇ ಬಿಡಿಸಲು ಹೋಗಬೇಡಿ. ತುಕ್ಕು ಬಿಡಿಸುವ ಆಯಿಲ್ ಇಳಿಯಲು ದಿನಗಳೇ ಬೇಕು, ಗಡಿಬಿಡಿಯಲ್ಲಿ ಜಗ್ಗಿದರೆ ಪಿಸ್ಟನ್ ರಿಂಗ್ ಮುರಿದು ಬೋರ್ ಗೀರುತ್ತದೆ. ಜಾಮ್ ಆದ ಎಂಜಿನ್ ಎಂದರೆ ಪೂರ್ತಿ ಓವರ್‌ಹಾಲ್ ಎಂದು ಲೆಕ್ಕ ಹಾಕಿ ಮುಂದೆ ಹೋಗಿ. ತಿರುಗುವಂಥದ್ದಾದರೆ ಥ್ರಾಟಲ್ ಪೂರ್ತಿ ತೆರೆದಿಟ್ಟು ಕಂಪ್ರೆಷನ್ ಗೇಜ್ ಹಿಡಿಯಿರಿ. ಹಳೆಯ ಪೆಟ್ರೋಲ್ ಎಂಜಿನ್‌ಗಳ ಕಂಪ್ರೆಷನ್ ಅನುಪಾತವೇ ಕಡಿಮೆ, ಅಂಕಿ ದೊಡ್ಡದಿರುವುದಿಲ್ಲ. ಸಿಲಿಂಡರುಗಳ ನಡುವೆ ಶೇ 15ಕ್ಕಿಂತ ಹೆಚ್ಚು ವ್ಯತ್ಯಾಸ ಇದೆಯೇ ಎನ್ನುವುದು ಮುಖ್ಯ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆಯಿದ್ದರೆ ನಡುವೆ ಗ್ಯಾಸ್ಕೆಟ್ ಹಾರಿದೆ.

ಸ್ಟಾರ್ಟ್ ಮಾಡುವುದೇ ಆದರೆ ಹಳೆಯ ಟ್ಯಾಂಕಿನ ಪೆಟ್ರೋಲ್ ಬೇಡ. ವಾರ್ನಿಷ್ ವಾಸನೆ ಹೊಡೆಯುವ ಆ ಅಂಟು ಕಾರ್ಬೊರೇಟರ್, ವಾಲ್ವ್ ಎರಡನ್ನೂ ಹಿಡಿಸುತ್ತದೆ. ಪ್ರತ್ಯೇಕ ಕ್ಯಾನಿನಿಂದ ಪೈಪ್ ಕೊಡಿ. ಬ್ಯಾಟರಿ ಜೋಡಿಸುವ ಮುನ್ನ ಆರು ವೋಲ್ಟೋ ಹನ್ನೆರಡೋ, ಬ್ಯಾಟರಿಯ ಯಾವ ತುದಿ ಅರ್ತ್ (ಗಾಡಿಯ ಮೈಗೆ ಸೇರುವುದು) ಎಂದು ಖಚಿತಪಡಿಸಿಕೊಳ್ಳಿ. ಫೋರ್ಡ್ 1955ರವರೆಗೆ ಆರು ವೋಲ್ಟ್, ಪಾಸಿಟಿವ್ ಅರ್ತ್. ಅದೇ ಕಾಲದ ಷೆವರ್ಲೆಯಲ್ಲಿ ನೆಗೆಟಿವ್. ಆರು ವೋಲ್ಟಿನ ಸೆಲ್ಫ್ ನಿಧಾನ ತಿರುಗಿದರೆ ಕೂಡಲೇ ಮೋಟಾರಿನ ಮೇಲೆ ಗೂಬೆ ಕೂರಿಸಬೇಡಿ. ಅಷ್ಟೇ ಶಕ್ತಿಗೆ ಎರಡು ಪಟ್ಟು ಕರೆಂಟ್ ಹರಿಯಬೇಕು. ಯಾರೋ ಹನ್ನೆರಡು ವೋಲ್ಟಿನ ತೆಳು ಕೇಬಲ್ ಹಾಕಿದ್ದರೆ ವೋಲ್ಟೇಜ್ ಕೇಬಲಿನಲ್ಲೇ ಕುಸಿಯುತ್ತದೆ. ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲಿನ ಹೌಸಿಂಗ್ ಬಗ್ಗೆ ಹೇಳಲು ಹೆಚ್ಚಿಲ್ಲ: ತಳದ ಪ್ಲಗ್ ಸಡಿಲಿಸಿದಾಗ ಮೊದಲು ನೀರು ಬರುತ್ತದೋ ಆಯಿಲೋ ನೋಡಿದರೆ ಸಾಕು.

ಬೆಲೆ ಕುದುರಿದ ಖುಷಿಗೆ ಓಡಿಸಿಕೊಂಡೇ ಹೊರಡುವವರಿದ್ದಾರೆ. ದಯವಿಟ್ಟು ಬೇಡ. ಆ ಕಾಲದ ಹೈಡ್ರಾಲಿಕ್ ಬ್ರೇಕಿಗೆ ಸಾಮಾನ್ಯವಾಗಿ ಒಂದೇ ಸರ್ಕ್ಯೂಟ್. ಮುಪ್ಪಾದ ಒಂದು ರಬ್ಬರ್ ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ, ಅಂಗಳದಲ್ಲಿ ಒಂದು ಸುತ್ತು ಹೊಡೆದಾಗ ಅದು ಗೊತ್ತಾಗುವುದಿಲ್ಲ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಡ್ರಮ್ ಬಿಚ್ಚಿದಾಗ ಗಾಳಿ ಹೊಡೆಯದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಟೈರಿನ ಗುಂಡಿ (ಟ್ರೆಡ್) ಆಳವಾಗಿದ್ದರೂ ನಂಬಬಾರದು, ಅದರ ವಯಸ್ಸು ನೋಡಬೇಕು. 2000ದಿಂದೀಚಿನ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ, 2314 ಎಂದರೆ 2014ರ 23ನೆಯ ವಾರ. ಮೂರೇ ಅಂಕಿ ಇದ್ದರೆ ಕಳೆದ ಶತಮಾನದ್ದು.

ಟೋಯಿಂಗ್ ಮಾಡಿ ಎಳೆದು ತರುವುದಾದರೆ ಗೇರ್‌ಬಾಕ್ಸಿನಿಂದ ಹಿಂದಿನ ಆ್ಯಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಲೇಬೇಕು. ಎಂಜಿನ್ ಓಡದೆ ಚಕ್ರ ಮಾತ್ರ ತಿರುಗಿದರೆ ಗೇರ್‌ಬಾಕ್ಸಿನ ಮೇಲಿನ ಶಾಫ್ಟ್ ತಿರುಗುತ್ತದೆ. ಆಯಿಲ್ ಎರಚುವ ಕೆಳಗಿನ ಕೌಂಟರ್ ಶಾಫ್ಟ್ ನಿಂತೇ ಇರುತ್ತದೆ. ಬೇರಿಂಗ್ ಒಣಗಿ ಸುಡುತ್ತದೆ. ಟ್ರೇಲರ್ ಅಥವಾ ಫ್ಲ್ಯಾಟ್‌ಬೆಡ್ ಮೇಲೆ ತರುವುದೇ ಸರಿ. ಅರ್ಧ ಟನ್ನಿನ ಹಳೆಯ ಪಿಕಪ್ ಖಾಲಿಯಾಗಿಯೇ ಸುಮಾರು ಒಂದೂವರೆ ಟನ್ ತೂಗುತ್ತದೆ, ಟ್ರೇಲರಿನ ತೂಕ ಅದಕ್ಕೆ ಸೇರಿಸಿ ಎಳೆಯುವ ಗಾಡಿಯ ಶಕ್ತಿ ನೋಡಬೇಕು. ಒಟ್ಟು ಭಾರದ ಶೇ 10ರಿಂದ 15ರಷ್ಟು ಹುಕ್ಕಿನ ಮೇಲೆ ಬೀಳುವಂತೆ ಲಾರಿಯನ್ನು ಹಿಂದೆ ಮುಂದೆ ಸರಿಸಿ ನಿಲ್ಲಿಸಿ. ಹಿಂದಕ್ಕೆ ಭಾರ ಹೆಚ್ಚಾದರೆ ವೇಗದಲ್ಲಿ ಟ್ರೇಲರ್ ಹಾವಿನಂತೆ ಓಲಾಡತೊಡಗುತ್ತದೆ. ಬೆಲ್ಟನ್ನು ಚಾಸಿಗೆ ಕಟ್ಟಿದರೆ ಪಟ್ಟಾ ಕುಣಿದಾಗೆಲ್ಲ ಸಡಿಲವಾಗುತ್ತದೆ, ಆದ್ದರಿಂದ ಆ್ಯಕ್ಸಲ್‌ಗೆ, ನಾಲ್ಕು ಕಡೆ. ನಾಲ್ಕರ ಮೇಲೂ ಬರೆದ ಭಾರಮಿತಿ ಕೂಡಿದರೆ ಲಾರಿಯ ತೂಕಕ್ಕಿಂತ ಕಡಿಮೆ ಬರಬಾರದು. ಬಾನೆಟ್, ಬಾಗಿಲು, ಟೇಲ್‌ಗೇಟಿಗೆ ಹಗ್ಗ ಬಿಗಿಯಿರಿ. ಹೊರಟು 20 ಕಿ.ಮೀ. ಆದ ಮೇಲೆ ನಿಲ್ಲಿಸಿ ಎಲ್ಲ ಬೆಲ್ಟನ್ನೂ ಮತ್ತೊಮ್ಮೆ ಎಳೆಯಲೇಬೇಕು, ಮೊದಲ ದೂರದಲ್ಲೇ ಅವು ಸಡಿಲುವುದು.

ಬ್ರೇಕ್ ಹಿಡಿದು ಚಕ್ರ ತಿರುಗದ ಲಾರಿಯನ್ನು ಹತ್ತಿಸಲು ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ, ಡ್ರಮ್ಮಿನ ಅಂಚಿಗೆ ಮರದ ಸುತ್ತಿಗೆಯಿಂದ ತಟ್ಟಿ. ಅದಕ್ಕೂ ಬಿಡದಿದ್ದರೆ ಟೈರಿನಡಿ ಸೋಪುನೀರು ಹಚ್ಚಿದ ಹಲಗೆ ಇಟ್ಟು ವಿಂಚ್‌ನಲ್ಲಿ ಜಾರಿಸಿ. ಚಕ್ರವನ್ನೇ ಬಿಚ್ಚಬೇಕಾಗಿ ಬಂದರೆ ಒಂದು ಎಚ್ಚರ: ಹಳೆಯ ಡಾಡ್ಜ್‌ಗಳಲ್ಲಿ, ಅನೇಕ ಬ್ರಿಟಿಷ್ ಲಾರಿಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳಿಗೆ ಎಡ ತಿರುವಿನ ಮರೆ (ಥ್ರೆಡ್), ಅವು ಬಲಕ್ಕೆ ತಿರುಗಿಸಿದರೆ ಸಡಿಲುತ್ತವೆ. ಗೊತ್ತಿಲ್ಲದೆ ಉದ್ದ ಪೈಪ್ ಹಾಕಿ ಜಗ್ಗಿದವರು ಸ್ಟಡ್‌ಗಳನ್ನೇ ಮುರಿಯುತ್ತಾರೆ.

ಕೊನೆಯದಾಗಿ, ಲೇಖನದ ಜೊತೆ ಅಚ್ಚಾದ ಒಂದು ಚಿತ್ರದ ಬಗ್ಗೆ. ಗಾಳಿ ತುಂಬಿದ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಬ್ಬರು ರಿಮ್ಮಿನ ಲಾಕ್ ರಿಂಗಿಗೆ ಸುತ್ತಿಗೆ ಹೊಡೆಯುತ್ತಿರುವ ಚಿತ್ರ ಅದು. ಹಳೆಯ ಲಾರಿಗಳ ಈ ಬಗೆಯ ಬಿಡಿರಿಂಗಿನ ರಿಮ್ಮಿನಲ್ಲಿ ಟೈರನ್ನು ಹಿಡಿದಿಟ್ಟಿರುವುದು ಆ ಒಂದು ರಿಂಗ್ ಮಾತ್ರ. ರಿಮ್ಮಿನ ತುಕ್ಕು ತಿಂದ ತೋಡಿನಿಂದ ಅದು ಜಿಗಿದರೆ ಎದುರಿದ್ದವರು ಉಳಿಯುವುದಿಲ್ಲ. ಮುಟ್ಟುವ ಮುನ್ನ ವಾಲ್ವಿನ ಒಳಪಿನ್ ತೆಗೆದು ಗಾಳಿ ಪೂರ್ತಿ ಇಳಿಸಬೇಕು, ಜೋಡಿ ಚಕ್ರವಾದರೆ ನಟ್ಟು ಸಡಿಲಿಸುವ ಮೊದಲೇ ಎರಡರದೂ. ಒಂದು ರಿಮ್ಮಿನ ರಿಂಗ್ ಇನ್ನೊಂದಕ್ಕೆ ಹಾಕುವಂತಿಲ್ಲ. ಹೇಳಿದ ಒತ್ತಡದ ಶೇ 80 ಅಥವಾ ಅದಕ್ಕೂ ಕಡಿಮೆ ಗಾಳಿಯಲ್ಲಿ ಓಡಿದ ಟೈರಿಗೆ ಹಾಗೆಯೇ ಗಾಳಿ ಹೊಡೆಯದೆ, ಬಿಚ್ಚಿ ಪರೀಕ್ಷಿಸಿ ಕೂರಿಸಬೇಕು. ಗಾಳಿ ತುಂಬುವಾಗ ಚಕ್ರ ಕಬ್ಬಿಣದ ಪಂಜರದೊಳಗಿರಬೇಕು, ಕಚ್ಚಿಕೊಳ್ಳುವ ನಳಿಕೆಗೆ ಉದ್ದನೆಯ ಪೈಪ್ ಇರಬೇಕು, ತುಂಬುವವರು ರಿಂಗಿನ ಎದುರಿಗಲ್ಲದೆ ಪಕ್ಕಕ್ಕೆ ನಿಂತಿರಬೇಕು. ಆ ಚಿತ್ರಕ್ಕೆ ಒಂದು ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಇಂತಿ,
ಹಳೆಯ ಲಾರಿಗಳ ದುರಸ್ತಿ ಕೆಲಸದಲ್ಲಿರುವ ಓದುಗರು